ಭೋಗೋಪಭೋಗ ಪರಿಮಾಣದ ದೃಷ್ಟಿಯಲ್ಲಿ ವೇಪ್: ಒಂದು ವಿಮರ್ಶೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಪರಿಗ್ರಹ ಪರಿಮಾಣವು ಗೃಹಸ್ಥನು ಎಷ್ಟನ್ನು ಇಟ್ಟುಕೊಳ್ಳಬಹುದೆಂಬುದನ್ನು ಗೊತ್ತುಪಡಿಸುತ್ತದೆ. ಭೋಗೋಪಭೋಗ ಪರಿಮಾಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಗೆ ಇಟ್ಟುಕೊಂಡುದರಲ್ಲಿಯೂ ಎಷ್ಟನ್ನು ಬಳಸಬೇಕು, ಎಷ್ಟನ್ನು ಬಿಡಬೇಕು ಎಂದು ಕೇಳುತ್ತದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳ ಸಾಲಿನಲ್ಲಿ ಎಣಿಸಿದ್ದಾರೆ. ವಸ್ತುಗಳು ವಿರಳವಾಗಿದ್ದ ಕಾಲದಲ್ಲಿ ವಿಧಿಸಲ್ಪಟ್ಟ ಈ ವ್ರತವು ವಸ್ತುಗಳು ವಿಪುಲವಾಗಿರುವ ಕಾಲಕ್ಕೇ ಹೆಚ್ಚು ಅಗತ್ಯವಾದುದು. ಆದುದರಿಂದ ಹೊಸದೊಂದು ವಸ್ತು ಪೇಟೆಗೆ ಬಂದಾಗ ಅದನ್ನು ಈ ವ್ರತದ ಒರೆಗಲ್ಲಿಗೆ ಹಚ್ಚಿ ನೋಡುವುದು ವಿವೇಕಿಯಾದ ಗೃಹಸ್ಥನ ಕರ್ತವ್ಯವಾಗಿದೆ.

ಅಂಥ ಹೊಸ ವಸ್ತುಗಳಲ್ಲಿ ಒಂದು, ಒಮ್ಮೆ ಬಳಸಿ ಎಸೆಯುವ ವೇಪ್. ಬ್ರಿಟನ್ನಿನಲ್ಲಿ 2021ರ ನಂತರದ ಕೆಲವೇ ವರ್ಷಗಳಲ್ಲಿ ಇದು ಮೂಲೆಯಂಗಡಿಯಿಂದ ದೊಡ್ಡ ಮಳಿಗೆಯವರೆಗೆ ಎಲ್ಲೆಡೆ ಹರಡಿತು. ಇದನ್ನು ವಯಸ್ಕರ ನಿತ್ಯೋಪಯೋಗಕ್ಕೆ ಯೋಗ್ಯವೆಂದು ಶಿಫಾರಸು ಮಾಡುವ ಬರಹಗಳೂ ಹೇರಳವಾಗಿ ಬಂದವು. ಆ ಬರಹಗಳ ಕ್ರಮ ಹೆಚ್ಚು ಕಡಿಮೆ ಒಂದೇ. ಜೇಬಿನಲ್ಲಿ ಅಡಗುವುದೇ, ಎಷ್ಟು ಸಲ ಸೇದಬಹುದು, ರುಚಿ ಕೊನೆಯವರೆಗೂ ನಿಲ್ಲುವುದೇ, ಗಂಟಲಿಗೆ ಹಿತವೇ, ಕೊಟ್ಟ ಹಣಕ್ಕೆ ತಕ್ಕುದೇ ಎಂಬ ಐದು ಪ್ರಶ್ನೆಗಳನ್ನು ಕೇಳಿ, ಪ್ರತಿಯೊಂದಕ್ಕೂ ಅಂಕ ಕೊಟ್ಟು, ಕೊನೆಗೆ ಒಂದು ತೀರ್ಪನ್ನು ನೀಡುವುದು. ಈ ಪ್ರಶ್ನೆಗಳು ಸುಳ್ಳಲ್ಲ. ಆದರೆ ಇವೆಲ್ಲವೂ ವಸ್ತುವನ್ನು ಕುರಿತವು. ಅದನ್ನು ಬಳಸುವವನು ಏನಾಗುತ್ತಾನೆ, ಬಳಸಿದ ಮೇಲೆ ವಸ್ತು ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳು ಅಲ್ಲಿ ಬರುವುದೇ ಇಲ್ಲ. ಆ ಎರಡನ್ನೂ ಕೇಳಿದಲ್ಲದೆ ಮೌಲ್ಯಮಾಪನ ಪೂರ್ಣವಾಗದು.

ವಸ್ತುವಿನ ಸ್ವರೂಪ

ವಿಮರ್ಶೆಗೆ ಮೊದಲು ವಸ್ತುವನ್ನು ಇದ್ದಂತೆ ತಿಳಿಯಬೇಕು. ಈಗಿನ ರೂಪದ ಇ-ಸಿಗರೇಟನ್ನು 2003ರ ಸುಮಾರಿಗೆ ರೂಪಿಸಿದವನು ಚೀನಾದ ಔಷಧಶಾಸ್ತ್ರಜ್ಞ ಹೊನ್ ಲಿಕ್. ಪ್ರಪಂಚಕ್ಕೆ ಬೇಕಾದ ವೇಪ್‌ಗಳಲ್ಲಿ ಬಹುಪಾಲು ತಯಾರಾಗುವುದು ಆ ದೇಶದ ಶೆನ್‌ಜೆನ್ ನಗರದಲ್ಲಿ. ಎಲ್ಫ್ ಬಾರ್, ಲಾಸ್ಟ್ ಮೇರಿ ಮುಂತಾದ ಹೆಸರುಗಳಿಂದ ಬ್ರಿಟನ್ನಿನಲ್ಲಿ ಮಾರಾಟವಾದ ಸಾಧನವು ದಪ್ಪ ಪೆನ್ನಿನಷ್ಟು ಅಥವಾ ಸಣ್ಣ ಬೆಂಕಿಪೊಟ್ಟಣದಷ್ಟು ಇರುತ್ತದೆ. ಅದರೊಳಗೆ ಒಂದು ಲಿಥಿಯಂ ಬ್ಯಾಟರಿ, ದ್ರವದಲ್ಲಿ ನೆನೆದ ಹತ್ತಿಯ ಬತ್ತಿ, ಬತ್ತಿಯನ್ನು ಕಾಯಿಸುವ ಲೋಹದ ಸುರುಳಿ, ಸೇದುವ ಉಸಿರನ್ನು ಗುರುತಿಸಿ ವಿದ್ಯುತ್ತನ್ನು ಹರಿಸುವ ಪುಟ್ಟ ಸಂವೇದಕ, ಇವೆಲ್ಲವನ್ನೂ ಮುಚ್ಚುವ ಪ್ಲಾಸ್ಟಿಕ್ ಅಥವಾ ಲೋಹದ ಕವಚ ಇವೆ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ಪದಾರ್ಥಗಳು ಮತ್ತು ನಿಕೋಟಿನ್ ಸೇರಿವೆ. ಗುಂಡಿ ಒತ್ತುವ ಕೆಲಸವಿಲ್ಲ, ಕಡ್ಡಿ ಗೀರುವ ಕೆಲಸವೂ ಇಲ್ಲ, ಉಸಿರೆಳೆದರೆ ಸಾಕು.

ಬ್ರಿಟನ್ನಿನ 2016ರ ನಿಯಮದಂತೆ ಇಂಥ ಸಾಧನದಲ್ಲಿ 2 ಮಿಲಿಲೀಟರಿಗಿಂತ ಹೆಚ್ಚು ದ್ರವ ಇರಕೂಡದು. ಒಂದು ಮಿಲಿಲೀಟರಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರಕೂಡದು. ಅಂದರೆ ಒಂದು ಸಾಧನದಲ್ಲಿ ಹೆಚ್ಚೆಂದರೆ 40 ಮಿಲಿಗ್ರಾಂ ನಿಕೋಟಿನ್. ಇದರಿಂದ ಸುಮಾರು 600 ಸಲ ಸೇದಬಹುದೆಂದು ತಯಾರಕರು ಪೆಟ್ಟಿಗೆಯ ಮೇಲೆ ಮುದ್ರಿಸುತ್ತಿದ್ದರು. ಒಂದು ಸಿಗರೇಟಿನಿಂದ ಸೇದುವವನ ದೇಹವನ್ನು ಸೇರುವ ನಿಕೋಟಿನ್ ಸುಮಾರು 1ರಿಂದ 2 ಮಿಲಿಗ್ರಾಂ. ಸಾಧನದಲ್ಲಿರುವುದೆಲ್ಲವೂ ದೇಹಕ್ಕೆ ಸೇರದಿದ್ದರೂ, ಅಂಗೈಯಲ್ಲಿ ಅಡಗುವ ಈ ವಸ್ತುವಿನಲ್ಲಿ ಒಂದು ಪ್ಯಾಕ್ ಸಿಗರೇಟಿನ ಸತ್ತ್ವ ತುಂಬಿದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ದ್ರವ ಮುಗಿದೊಡನೆ ಬ್ಯಾಟರಿ, ಸುರುಳಿ, ಸಂವೇದಕ, ಕವಚ ಎಲ್ಲವೂ ಕಸ.

ಪರವಾದ ವಾದ

ಇದರ ಪರವಾಗಿ ಹೇಳುವವರ ಮಾತನ್ನು ನ್ಯಾಯವಾಗಿ ಕೇಳಬೇಕು. ಪ್ರತಿಪಕ್ಷದ ಮಾತನ್ನು ತಿರುಚಿ ಖಂಡಿಸುವುದು ಅನೇಕಾಂತವಾದವನ್ನು ಒಪ್ಪಿದವರಿಗೆ ಒಪ್ಪುವ ನಡತೆಯಲ್ಲ. ಸಿಗರೇಟಿನ ಕೇಡಿಗೆ ಮುಖ್ಯ ಕಾರಣ ನಿಕೋಟಿನ್ ಅಲ್ಲ, ಸುಡುವ ಎಲೆ. ಎಲೆ ಸುಟ್ಟಾಗ ಹುಟ್ಟುವ ಟಾರು ಮತ್ತು ಕಾರ್ಬನ್ ಮೊನಾಕ್ಸೈಡ್ ವೇಪ್‌ನಲ್ಲಿ ಹುಟ್ಟುವುದಿಲ್ಲ, ಏಕೆಂದರೆ ಅಲ್ಲಿ ಎಲೆಯೂ ಇಲ್ಲ, ಸುಡುವಿಕೆಯೂ ಇಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರ ತನ್ನ ವರದಿಯಲ್ಲಿ, ಇ-ಸಿಗರೇಟಿನ ದೀರ್ಘಕಾಲದ ಕೇಡು ಹೊಗೆಸೇವನೆಯ ಕೇಡಿನ ಶೇಕಡಾ 5ನ್ನು ಮೀರುವ ಸಂಭವವಿಲ್ಲವೆಂದು ಅಭಿಪ್ರಾಯಪಟ್ಟಿತು. 2023ರಲ್ಲಿ ಅಲ್ಲಿನ ಸರ್ಕಾರವೇ ಹತ್ತು ಲಕ್ಷ ಸಿಗರೇಟುಸೇವಕರಿಗೆ ವೇಪ್ ಕೊಟ್ಟು ಸಿಗರೇಟು ಬಿಡಿಸುವ ಯೋಜನೆಯನ್ನು ಪ್ರಕಟಿಸಿತು.

2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರಿಗೆ ತೀವ್ರ ಶ್ವಾಸಕೋಶದ ಬೇನೆ ತಗುಲಿ, 2020ರ ಫೆಬ್ರುವರಿಯ ಹೊತ್ತಿಗೆ 68 ಜನ ಮರಣಹೊಂದಿದ ಸಂಗತಿಯನ್ನು ವಿರೋಧಿಗಳು ಆಗಾಗ್ಗೆ ಉದಾಹರಿಸುತ್ತಾರೆ. ಆದರೆ ಆ ಸಾವುಗಳ ಸಂಬಂಧ ಮುಖ್ಯವಾಗಿ ಗಾಂಜಾ ಸತ್ತ್ವದ ದ್ರವದಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟಿನೊಂದಿಗೆ ಎಂದು ತನಿಖೆಯಿಂದ ತಿಳಿದುಬಂದಿತು. ಅದನ್ನು ಸಾಮಾನ್ಯ ನಿಕೋಟಿನ್ ವೇಪ್‌ನ ತಲೆಗೆ ಕಟ್ಟುವುದು ಸತ್ಯವ್ರತಕ್ಕೆ ಲೋಪ. ಒಳ್ಳೆಯ ಉದ್ದೇಶಕ್ಕಾಗಿಯೂ ಅಸತ್ಯ ಬೇಡ.

ಹಾಗಾದರೆ ಇಪ್ಪತ್ತು ಮೂವತ್ತು ವರ್ಷ ಸಿಗರೇಟು ಸೇದಿ ಬಿಡಲಾಗದೆ ಒದ್ದಾಡುವ ಒಬ್ಬ ವಯಸ್ಕನು ವೇಪ್‌ಗೆ ತಿರುಗಿದರೆ ಅದು ಕೇಡಿನಿಂದ ಕಡಿಮೆ ಕೇಡಿನ ಕಡೆಗೆ ಇಟ್ಟ ಹೆಜ್ಜೆ ಎನ್ನದೆ ಗತ್ಯಂತರವಿಲ್ಲ. ವ್ರತದ ಮೆಟ್ಟಿಲು ಕ್ರಮಕ್ರಮವಾದುದು. ಪ್ರತಿಮೆಗಳು ಹನ್ನೊಂದು ಇರುವುದೂ ಅದಕ್ಕಾಗಿಯೇ. ಮೇಲಿನ ಮೆಟ್ಟಿಲಿನ ಮೇಲೆ ನಿಂತವನು ಕೆಳಗಿನ ಮೆಟ್ಟಿಲಿನವನನ್ನು ಹೀಯಾಳಿಸಬಾರದು.

ಆದರೆ ಈ ವಾದ ಎಷ್ಟು ದೂರ ಸಲ್ಲುತ್ತದೆ ಎಂಬುದನ್ನು ನೋಡಬೇಕು. ಬ್ರಿಟನ್ನಿನಲ್ಲಿ 886 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ಇ-ಸಿಗರೇಟನ್ನು ಪಡೆದವರಲ್ಲಿ ಶೇಕಡಾ 18 ಜನ ಒಂದು ವರ್ಷದ ಕೊನೆಗೆ ಸಿಗರೇಟನ್ನು ಬಿಟ್ಟಿದ್ದರು. ನಿಕೋಟಿನ್ ಪಟ್ಟಿ, ಗಮ್ ಮುಂತಾದವನ್ನು ಪಡೆದವರಲ್ಲಿ ಬಿಟ್ಟವರು ಶೇಕಡಾ 9.9. ಇ-ಸಿಗರೇಟಿನ ಮೇಲುಗೈ ಸ್ಪಷ್ಟ. ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನು ಅಷ್ಟೇ ಎಚ್ಚರದಿಂದ ಓದಬೇಕು. ಹೀಗೆ ಸಿಗರೇಟು ಬಿಟ್ಟವರಲ್ಲಿ ಇ-ಸಿಗರೇಟಿನ ಗುಂಪಿನ ಶೇಕಡಾ 80 ಜನ ಆ ಸಾಧನವನ್ನು ಇನ್ನೂ ಸೇದುತ್ತಲೇ ಇದ್ದರು. ಪಟ್ಟಿ–ಗಮ್ಮಿನ ಗುಂಪಿನಲ್ಲಿ ತಮ್ಮ ಔಷಧವನ್ನು ಮುಂದುವರಿಸಿದ್ದವರು ಶೇಕಡಾ 9 ಮಾತ್ರ. ಹೊಗೆ ಹೋಯಿತು, ಬಂಧ ಉಳಿಯಿತು. ಶರೀರದ ದೃಷ್ಟಿಯಿಂದ ಇದು ಲಾಭ. ಆತ್ಮಸಂಯಮದ ದೃಷ್ಟಿಯಿಂದ ಸಾಲವನ್ನು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾಯಿಸಿದಂತೆ: ಬಡ್ಡಿ ಇಳಿದಿದೆ, ಅಸಲು ತೀರಿಲ್ಲ.

ಇನ್ನೂ ಮುಖ್ಯವಾದ ಒಂದು ಅಂಶವಿದೆ. ಆ ಪ್ರಯೋಗದಲ್ಲಿ ಕೊಟ್ಟ ಸಾಧನವು ದ್ರವವನ್ನು ಮತ್ತೆ ಮತ್ತೆ ತುಂಬಿ ಬಳಸುವಂಥದಾಗಿತ್ತು, ಎಸೆಯುವಂಥದಾಗಿರಲಿಲ್ಲ. ಆದ್ದರಿಂದ ಸಿಗರೇಟನ್ನು ಬಿಡಿಸಿದ ಪುಣ್ಯ ಯಾವುದಿದೆಯೋ ಅದರ ಪಾಲನ್ನು ಎಸೆಯುವ ಗುಣವು ಕೇಳಲಾರದು. ಆವಿಯನ್ನು ಸೇದುವುದು ಒಂದು ಸಂಗತಿ. ಸೇದಿ ಯಂತ್ರವನ್ನೇ ಎಸೆಯುವುದು ಇನ್ನೊಂದು ಸಂಗತಿ. ಮಾರುಕಟ್ಟೆಯು ಮೊದಲನೆಯದರ ಸಮರ್ಥನೆಯನ್ನು ತಂದು ಎರಡನೆಯದಕ್ಕೆ ಹೊದಿಸಿತು. ಈ ಎರಡನ್ನೂ ಬೇರೆ ಮಾಡಿದರೆ ಎರಡನೆಯದಕ್ಕೆ ಸೌಕರ್ಯವೊಂದನ್ನು ಬಿಟ್ಟು ಬೇರೆ ಆಧಾರ ಉಳಿಯುವುದಿಲ್ಲ.

ಭೋಗವೋ, ಉಪಭೋಗವೋ

ಸಮಂತಭದ್ರರು ಭೋಗ ಮತ್ತು ಉಪಭೋಗಗಳನ್ನು ಬಹು ಸರಳವಾಗಿ ಬೇರ್ಪಡಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಟ್ಟುಬಿಡತಕ್ಕದ್ದು ಭೋಗ. ಅನ್ನ, ಹೂವು, ಗಂಧ ಇದರಲ್ಲಿ ಸೇರುತ್ತವೆ. ಅನುಭವಿಸಿ ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ. ವಸ್ತ್ರ, ಆಭರಣ, ಮನೆ ಇದರಲ್ಲಿ ಸೇರುತ್ತವೆ. ಈ ಭೇದ ವಸ್ತುವಿನ ಸ್ವಭಾವವನ್ನು ಅವಲಂಬಿಸಿದೆ. ಉಂಡ ಅನ್ನವನ್ನು ಮತ್ತೆ ಉಣ್ಣಲು ಬಾರದು. ಉಟ್ಟ ಬಟ್ಟೆಯನ್ನು ಒಗೆದು ಮತ್ತೆ ಉಡಬಹುದು.

ಲೆಕ್ಕಪತ್ರ ಬಲ್ಲವರಿಗೆ ಈ ಭೇದ ಅಪರಿಚಿತವಲ್ಲ. ವರ್ಷದೊಳಗೆ ತೀರಿಹೋಗುವ ವೆಚ್ಚವನ್ನು ಕಂದಾಯ ವೆಚ್ಚವೆಂದೂ, ಹಲವು ವರ್ಷ ಫಲಕೊಡುವ ವೆಚ್ಚವನ್ನು ಬಂಡವಾಳ ವೆಚ್ಚವೆಂದೂ ಬರೆಯುವುದು ವಾಣಿಜ್ಯದ ಮೊದಲ ಪಾಠ. ಅಂಗಡಿಯ ತಕ್ಕಡಿಯನ್ನು ಕೊಂಡ ದಿನವೇ ಸಕ್ಕರೆಯ ಚೀಲದ ಜೊತೆ ಖರ್ಚಿಗೆ ಬರೆದು ಸಂಜೆಗೆ ತಕ್ಕಡಿಯನ್ನೂ ಬೀದಿಗೆ ಎಸೆಯುವ ವ್ಯಾಪಾರಿಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪನು.

ಎಸೆಯುವ ವೇಪ್‌ನಲ್ಲಿ ನಡೆದಿರುವುದು ಇದೇ. ಅದರೊಳಗಿನ 2 ಮಿಲಿಲೀಟರ್ ದ್ರವ ಸ್ವಭಾವತಃ ಭೋಗವಸ್ತು. ಅದರ ಬ್ಯಾಟರಿಯಾದರೋ ಸ್ವಭಾವತಃ ಉಪಭೋಗವಸ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಎಸೆದ ವೇಪ್‌ಗಳ ಬ್ಯಾಟರಿಗಳನ್ನು ತೆಗೆದು ಪರೀಕ್ಷಿಸಿ, ಅವನ್ನು ನೂರಾರು ಸಲ ಮತ್ತೆ ಚಾರ್ಜು ಮಾಡಿ ಬಳಸಬಹುದೆಂದು 2023ರಲ್ಲಿ ಪ್ರಕಟಿಸಿದರು. ನೂರಾರು ಸಲ ದುಡಿಯಬಲ್ಲ ವಸ್ತುವನ್ನು ಒಂದೇ ಸಲಕ್ಕೆ ಕೊಲ್ಲುವುದು ಆಕಸ್ಮಿಕವಲ್ಲ, ಸಾಧನದ ವಿನ್ಯಾಸವೇ ಹಾಗೆ. ಕವಚವನ್ನು ಬಿಚ್ಚಲು ಬಾರದು, ದ್ರವವನ್ನು ತುಂಬಲು ಬಾರದು. ಉಪಭೋಗವನ್ನು ಬಲವಂತವಾಗಿ ಭೋಗವಾಗಿಸಿದ ವಸ್ತು ಇದು. ಈ ಒಂದು ಕಾರಣಕ್ಕೇ, ಒಳಗಿರುವುದು ನಿಕೋಟಿನ್ ಅಲ್ಲದೆ ಗುಲಾಬಿಯ ನೀರೇ ಆಗಿದ್ದರೂ, ವ್ರತದ ದೃಷ್ಟಿಯಲ್ಲಿ ಈ ಸಾಧನ ದೋಷಯುಕ್ತವಾಗುತ್ತಿತ್ತು.

ಈ ದೋಷದ ಗಾತ್ರವನ್ನು ಅಂಕಿಗಳಲ್ಲಿ ನೋಡಬಹುದು. ಬ್ರಿಟನ್ನಿನಲ್ಲಿ ವಾರಕ್ಕೆ 50 ಲಕ್ಷ ಇಂಥ ವೇಪ್‌ಗಳು ಎಸೆಯಲ್ಪಡುತ್ತಿವೆಯೆಂದು ಮರುಬಳಕೆಯ ಕ್ಷೇತ್ರದಲ್ಲಿ ದುಡಿಯುವ ಮೆಟೀರಿಯಲ್ ಫೋಕಸ್ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಆ ಗತಿಯಲ್ಲಿ ವರ್ಷಕ್ಕೆ 26 ಕೋಟಿ. ಕಸದ ಲಾರಿಯಲ್ಲಿ ಜಜ್ಜಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವುದುಂಟು. ಅದರ ಅಪಾಯ ಸೇದಿದವನಿಗಲ್ಲ, ಕಸ ಹೊರುವ ಕೂಲಿಯವನಿಗೆ. ನಿಷ್ಪ್ರಯೋಜನವಾಗಿ ಭೂಮಿಯನ್ನು ಕೆದಕುವುದು, ನೀರನ್ನು ಕದಡುವುದು, ಬೆಂಕಿ ಹೊತ್ತಿಸುವುದು ಪ್ರಮಾದಚರ್ಯೆ ಎಂಬ ಅನರ್ಥದಂಡವೆಂದು ಶ್ರಾವಕಾಚಾರಗಳು ಹೇಳುತ್ತವೆ. ಲಿಥಿಯಂಗಾಗಿ ಅಗೆದ ಭೂಮಿ, ಅದನ್ನು ಬೇರ್ಪಡಿಸಲು ಬಳಸಿದ ನೀರು, ಕೊನೆಗೆ ಲಾರಿಯಲ್ಲಿ ಎದ್ದ ಬೆಂಕಿ, ಈ ಮೂರೂ ಒಂದೇ ವಸ್ತುವಿನ ಹಿಂದೆ ಮುಂದೆ ನಿಂತಿವೆ. ಪ್ರಯೋಜನವೆಷ್ಟು? ಬ್ಯಾಟರಿಯನ್ನು ಚಾರ್ಜು ಮಾಡುವ ಶ್ರಮ ಉಳಿಯಿತು ಎಂಬಷ್ಟೇ.

ಅಳತೆಯಿಲ್ಲದ ಸೇವನೆ

ಬಳಸುವವನು ಏನಾಗುತ್ತಾನೆ ಎಂಬ ಪ್ರಶ್ನೆಗೆ ಈಗ ಬರಬಹುದು. ಬೀಡಿಯಾಗಲಿ ಸಿಗರೇಟಾಗಲಿ ಉರಿದು ಬೆರಳಿಗೆ ಬರುತ್ತದೆ. ಅಲ್ಲಿಗೆ ಒಂದು ಮುಗಿಯಿತು. ಇನ್ನೊಂದನ್ನು ಹೊತ್ತಿಸಬೇಕಾದರೆ ಮತ್ತೆ ಮನಸ್ಸು ಮಾಡಬೇಕು. ನಶ್ಯಕ್ಕೆ ಚಿಟಿಕೆಯ ಅಳತೆ, ಕಡ್ಡಿಪುಡಿಗೆ ಅಂಗೈಯ ಅಳತೆ. ಕೆಟ್ಟ ವಸ್ತುಗಳೇ ಆದರೂ ಇವುಗಳಿಗೆ ಆದಿ ಅಂತ್ಯಗಳುಂಟು. ವೇಪ್‌ಗೆ ಅಂಥ ಅಂತ್ಯವಿಲ್ಲ. 600 ಸೇದುವಿಕೆಗಳ ನಡುವೆ ಎಲ್ಲಿಯೂ ಒಂದು ಗೆರೆಯಿಲ್ಲ. ಒಂದು ಸಲ ಎಳೆದು ಜೇಬಿಗೆ ಹಾಕಬಹುದು, ಎರಡು ನಿಮಿಷಕ್ಕೆ ಮತ್ತೆ ತೆಗೆಯಬಹುದು. ಹೊಗೆಯ ನಾತವಿಲ್ಲದ ಕಾರಣ ಮನೆಯೊಳಗೂ, ಹಾಸಿಗೆಯಲ್ಲೂ, ಕೆಲಸದ ನಡುವೆಯೂ ಸೇದಬಹುದು. ಅನುಕೂಲವೆಂದು ಹೊಗಳಲ್ಪಟ್ಟ ಈ ಗುಣವೇ ಪರಿಮಾಣಕ್ಕೆ ಶತ್ರು. ಅಳೆಯಲು ಬಾರದ ವಸ್ತುವಿಗೆ ಮಿತಿಯನ್ನು ಹಾಕಿಕೊಳ್ಳುವುದು ಹೇಗೆ?

ಇದರ ಜೊತೆಗೆ ರಸಾಯನದ ಒಂದು ಉಪಾಯವೂ ಸೇರಿದೆ. ಸಾಮಾನ್ಯ ನಿಕೋಟಿನ್ ಪ್ರಬಲವಾಗಿದ್ದರೆ ಗಂಟಲನ್ನು ಕೆರೆಯುತ್ತದೆ. ಆ ಕೆರೆತವೇ ಒಂದು ಎಚ್ಚರಿಕೆ. ಅದನ್ನು ಬೆಂಜೋಯಿಕ್ ಆಮ್ಲದಂಥ ಆಮ್ಲದೊಡನೆ ಸೇರಿಸಿ ಲವಣವಾಗಿಸಿದರೆ ಪ್ರಬಲವಾದ ದ್ರವವೂ ನಯವಾಗಿ ಇಳಿಯುತ್ತದೆ. 2015ರಲ್ಲಿ ಅಮೆರಿಕದಲ್ಲಿ ಬಂದ ಜೂಲ್ ಎಂಬ ಸಾಧನದಿಂದ ಈ ಕ್ರಮ ಪ್ರಚಾರಕ್ಕೆ ಬಂದು, ಎಸೆಯುವ ವೇಪ್‌ಗಳಲ್ಲಿ ಸಾಮಾನ್ಯವಾಯಿತು. ಗಂಟಲಿಗೆ ಹಿತ ಎಂದು ಮಾರುಕಟ್ಟೆಯ ವಿಮರ್ಶಕನು ಕೊಡುವ ಅಂಕ, ಶರೀರದ ದ್ವಾರಪಾಲಕನನ್ನು ನಿದ್ದೆಗೆಡಹಿದ್ದಕ್ಕೆ ಕೊಟ್ಟ ಅಂಕ.

ಭೋಗೋಪಭೋಗ ಪರಿಮಾಣಕ್ಕೆ ಸಮಂತಭದ್ರರು ಐದು ಅತಿಚಾರಗಳನ್ನು ಹೇಳಿದ್ದಾರೆ. ವಿಷಯಗಳು ವಿಷವೆಂದು ತಿಳಿದೂ ಅವುಗಳಲ್ಲಿ ಆದರ ಕುಂದದಿರುವುದು ಮೊದಲನೆಯದು. ಅನುಭವಿಸಿದ್ದನ್ನು ಮತ್ತೆ ಮತ್ತೆ ನೆನೆಯುವ ಅನುಸ್ಮೃತಿ ಎರಡನೆಯದು. ಅನುಭವಿಸಿಯೂ ಮತ್ತೆ ಬೇಕೆನ್ನುವ ಅತಿಲೌಲ್ಯ ಮೂರನೆಯದು. ಮುಂದೆ ದೊರೆಯಬೇಕಾದುದಕ್ಕಾಗಿ ಹಂಬಲಿಸುವ ಅತಿತೃಷೆ ನಾಲ್ಕನೆಯದು. ಅನುಭವಿಸುವಾಗ ಅದರಲ್ಲೇ ಮುಳುಗಿಹೋಗುವುದು ಐದನೆಯದು. ಬೇರೆ ವಸ್ತುಗಳಲ್ಲಿ ಈ ಅತಿಚಾರಗಳು ಮನುಷ್ಯನ ದೌರ್ಬಲ್ಯದಿಂದ ಒದಗುತ್ತವೆ. ಮಾವಿನ ಹಣ್ಣನ್ನು ಅತಿಯಾಸೆಯಿಂದ ತಿಂದರೆ ದೋಷ ತಿಂದವನದು, ಮಾವಿನದಲ್ಲ. ನಿಕೋಟಿನ್ನಿನ ಸಂಗತಿ ಬೇರೆ. ಕೆಲವು ಗಂಟೆ ಅದು ದೊರೆಯದಿದ್ದರೆ ಮನಸ್ಸು ಕೆರಳುತ್ತದೆ, ಏಕಾಗ್ರತೆ ತಪ್ಪುತ್ತದೆ, ಸೇದಿದೊಡನೆ ಸಮಾಧಾನವಾಗುತ್ತದೆ. ಆ ಸಮಾಧಾನವನ್ನು ಸುಖವೆಂದು ಸೇದುವವನು ತಿಳಿಯುತ್ತಾನೆ. ವಾಸ್ತವವಾಗಿ ಅದು ಹಿಂದಿನ ಸಲ ಸೇದಿದ್ದರಿಂದ ಹುಟ್ಟಿದ ನೋವಿನ ತಾತ್ಕಾಲಿಕ ಶಮನ ಮಾತ್ರ. ಇಲ್ಲಿ ಅನುಸ್ಮೃತಿ, ಲೌಲ್ಯ, ತೃಷೆಗಳು ವಸ್ತುವಿನಿಂದಲೇ ಹುಟ್ಟುತ್ತವೆ. ಅತಿಚಾರವನ್ನೇ ಸರಕಾಗಿ ಮಾಡಿ ಮಾರುವ ವಸ್ತುವೆಂದು ಇದನ್ನು ಕರೆದರೆ ಅತಿಶಯೋಕ್ತಿಯಾಗದು.

ಮಿತವಾಗಿ ಬಳಸಿದರೆ ದೋಷವೇನು, ಭರತ ಚಕ್ರವರ್ತಿಯೂ ಭೋಗಗಳ ನಡುವೆಯೇ ಇದ್ದನಲ್ಲವೆ ಎಂದು ಕೇಳುವವರುಂಟು. ರತ್ನಾಕರವರ್ಣಿಯು ಭರತೇಶ ವೈಭವದಲ್ಲಿ ಚಿತ್ರಿಸಿದ ಭರತನು ಭೋಗದಲ್ಲಿದ್ದೂ ಯೋಗಿ. ಬಿಡಬೇಕಾದ ಕ್ಷಣದಲ್ಲಿ ಬಿಡಬಲ್ಲವನಾಗಿದ್ದನೆಂಬುದೇ ಅವನ ಹಿರಿಮೆ. ಬಿಡಲಾಗದಂತೆ ಮಾಡುವುದೇ ಯಾವ ವಸ್ತುವಿನ ಗುಣವೋ ಅದಕ್ಕೆ ಭರತನ ಉದಾಹರಣೆ ಒಪ್ಪುವುದಿಲ್ಲ.

ನಿತ್ಯ ಮತ್ತು ವಯಸ್ಕ

ವಯಸ್ಕರ ನಿತ್ಯೋಪಯೋಗಕ್ಕೆ ಎಂಬ ಶಿಫಾರಸಿನ ಎರಡು ಪದಗಳೂ ಪರಿಶೀಲನೆಗೆ ಯೋಗ್ಯವಾಗಿವೆ. ಸಿಗರೇಟಿನಿಂದ ಪಾರಾಗುವ ಉಪಾಯವೆಂದರೆ ವೇಪ್ ಔಷಧಸ್ಥಾನದಲ್ಲಿದೆ. ಔಷಧಕ್ಕೆ ಕಾಲಮಿತಿ ಇರಬೇಕು. ಇಂತಿಷ್ಟು ದಿನ, ಇಂತಿಷ್ಟು ಪ್ರಮಾಣ, ಅನಂತರ ನಿಲುಗಡೆ. ಕಾಲಮಿತಿಯಿರುವ ತ್ಯಾಗವನ್ನು ನಿಯಮವೆಂದೂ, ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ ಸಮಂತಭದ್ರರು ಕರೆದಿದ್ದಾರೆ. ಕಾಲಮಿತಿಯಿಲ್ಲದ ಭೋಗಕ್ಕೆ ಅವರು ಹೆಸರನ್ನೇ ಇಟ್ಟಿಲ್ಲ. ನಿತ್ಯ ಎಂದೊಡನೆ ಔಷಧದ ವಾದ ಬಿದ್ದುಹೋಗುತ್ತದೆ. ಮೂರು ದಿನಕ್ಕೊಂದು ಸಾಧನ ಬಳಸುವವನು ವರ್ಷಕ್ಕೆ ಸುಮಾರು 122 ಸಾಧನಗಳನ್ನು ಎಸೆಯುತ್ತಾನೆ. ಒಂದಕ್ಕೆ 5 ಪೌಂಡ್ ಎಂದರೂ 610 ಪೌಂಡ್. ಅದೇ ಹಣದಲ್ಲಿ ತುಂಬಿಸಿ ಬಳಸುವ ಸಾಧನ ಹಲವು ವರ್ಷ ನಡೆಯುತ್ತದೆ. ಬಿಟ್ಟವನಿಗೆ ಪೂರ್ತಿ ಉಳಿಯುತ್ತದೆ.

ಇನ್ನು ವಯಸ್ಕ ಎಂಬ ಪದ. ಕಾನೂನಿಗೆ 18 ತುಂಬಿದವನು ವಯಸ್ಕ. ಆದರೆ ಮಾವು, ಕಲ್ಲಂಗಡಿ, ಬಬಲ್ ಗಮ್, ಹತ್ತಿಮಿಠಾಯಿಯ ರುಚಿಗಳು, ಆಟಿಕೆಯಂಥ ಬಣ್ಣಗಳು ಯಾವ ವಯಸ್ಕನಿಗಾಗಿ ಎಂಬ ಪ್ರಶ್ನೆಗೆ ತಯಾರಕರು ತೃಪ್ತಿಕರ ಉತ್ತರ ಕೊಟ್ಟಿಲ್ಲ. ಚೀನಾ ದೇಶವು ತನ್ನ ಪ್ರಜೆಗಳಿಗೆ 2022ರ ಅಕ್ಟೋಬರ್ 1ರಿಂದ ತಂಬಾಕಿನ ರುಚಿಯೊಂದನ್ನು ಬಿಟ್ಟು ಉಳಿದ ರುಚಿಗಳನ್ನು ನಿಷೇಧಿಸಿ, ರಫ್ತಿಗೆ ಮಾತ್ರ ಅವಕಾಶ ಉಳಿಸಿತು. ತನ್ನ ಮಕ್ಕಳಿಗೆ ಬೇಡವೆಂದುದನ್ನು ಪರರ ಮಕ್ಕಳಿಗೆ ಕಳುಹಿಸುವ ಈ ವ್ಯವಹಾರದ ಮೇಲೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಮಾರುವವನ ಧರ್ಮ

ಲಂಡನ್, ಲೆಸ್ಟರ್ ಮುಂತಾದ ನಗರಗಳಲ್ಲಿ ಭಾರತೀಯ ಮೂಲದವರು ನಡೆಸುವ ಸಣ್ಣ ಅಂಗಡಿಗಳು ಬಹಳ. ಲೆಸ್ಟರಿನಲ್ಲಿ 1988ರಿಂದ ಜಿನಮಂದಿರವಿದೆ. ಆದುದರಿಂದ ಎಸೆಯುವ ವೇಪ್ ಕೇವಲ ಅನ್ಯರ ಪ್ರಶ್ನೆಯಲ್ಲ. ತಾನು ಸೇದದೆ ಮಾರುವವನಿಗೆ ದೋಷವಿಲ್ಲವೆಂಬ ಸಮಾಧಾನವನ್ನು ಶಾಸ್ತ್ರ ಒಪ್ಪುವುದಿಲ್ಲ. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ವಿವರಿಸಿದ 15 ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ದಿಗಂಬರ ಪರಂಪರೆಯಲ್ಲಿ ಬೆಂಕಿ, ವಿಷ, ಆಯುಧಗಳನ್ನು ಪರರಿಗೆ ಒದಗಿಸುವುದು ಹಿಂಸಾದಾನವೆನಿಸಿದೆ. ನಿಕೋಟಿನ್ ಸಸ್ಯವು ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ತಯಾರಿಸುವ ವಿಷ. ಅದರ ಸಲ್ಫೇಟನ್ನು ಬಹುಕಾಲ ಕೀಟನಾಶಕವಾಗಿ ಸಿಂಪಡಿಸುತ್ತಿದ್ದರು. ಹೊಗೆಸೊಪ್ಪಿನ ಕಷಾಯವನ್ನು ಬೆಳೆಗೆ ಹೊಡೆಯುವುದು ಕನ್ನಡ ನಾಡಿನ ರೈತರಿಗೂ ಗೊತ್ತು.

ಅಳತೆಯ ಪ್ರಶ್ನೆಯೂ ಇದರಲ್ಲಿದೆ. 2023ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಪ್ರಸಿದ್ಧವಾದ ಒಂದು ವೇಪ್‌ನಲ್ಲಿ 2 ಮಿಲಿಲೀಟರಿನ ಮಿತಿಗಿಂತ ಹೆಚ್ಚು ದ್ರವವಿದ್ದುದು ಬೆಳಕಿಗೆ ಬಂದು ದೊಡ್ಡ ಮಳಿಗೆಗಳು ಅದನ್ನು ಹಿಂದೆಗೆದವು. ತೂಕದಲ್ಲಿ ಕಡಿಮೆ ಕೊಡುವುದು ಮೋಸವೆಂದು ಎಲ್ಲರಿಗೂ ಗೊತ್ತು. ವಿಷದ ವಿಷಯದಲ್ಲಿ ಹೆಚ್ಚು ಕೊಡುವುದೂ ಹೀನಾಧಿಕಮಾನವೇ ಎಂಬುದನ್ನು ಈ ಪ್ರಕರಣ ಕಲಿಸುತ್ತದೆ.

ಭಾರತದ ಸಂದರ್ಭ

ಕರ್ನಾಟಕ ಸರ್ಕಾರವು 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. ಭಾರತ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯನ್ನೂ ಅದೇ ವರ್ಷದ ಡಿಸೆಂಬರಿನಲ್ಲಿ ಕಾಯಿದೆಯನ್ನೂ ತಂದಿತು. ಇದರ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳಿಗೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಇವೆ. ದಾಸ್ತಾನು ಇಡುವುದೂ ಅಪರಾಧವೇ. ಕದ್ದು ತಂದು ಮಾರುವುದು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದ ವಿರುದ್ಧರಾಜ್ಯಾತಿಕ್ರಮ. ಗಿರಾಕಿ ಕೇಳಿದನೆಂಬುದು ಅದಕ್ಕೆ ಪರಿಹಾರವಲ್ಲ.

ಆದರೆ ಈ ನಿಷೇಧದಿಂದ ಬೀಗುವುದೂ ಸಲ್ಲದು. ವೇಪ್ ನಿಷಿದ್ಧವಾದ ನಾಡಿನಲ್ಲಿ ಅದಕ್ಕಿಂತ ಹೆಚ್ಚು ಕೇಡಿನ ಸಿಗರೇಟು, ಬೀಡಿ, ತಂಬಾಕು ಮುಕ್ತವಾಗಿ ಮಾರಾಟವಾಗುತ್ತಿವೆ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಸಿಗರೇಟಿನ ತಂಬಾಕು ಬೆಳೆದು ಕಟ್ಟಿಗೆಯ ಬೆಂಕಿಯಲ್ಲಿ ಹದವಾಗುತ್ತದೆ. ಶ್ರಾವಕರು ಗಣನೀಯ ಸಂಖ್ಯೆಯಲ್ಲಿರುವ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸೀಮೆ ಬೀಡಿ ತಂಬಾಕಿಗೆ ಹೆಸರಾದುದು. ವೇಪ್‌ನ ನಿಕೋಟಿನ್ ಕೂಡ ಬಹುಪಾಲು ಇಂಥ ಎಲೆಯಿಂದಲೇ ಬರುವುದು. ತಂಬಾಕು ಸಪ್ತವ್ಯಸನಗಳಲ್ಲಿ ಹೆಸರಿಸಲ್ಪಟ್ಟಿಲ್ಲವೆಂಬ ಸಮರ್ಥನೆಯೂ ನಿಲ್ಲದು. ಆ ಗಿಡ ಈ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಕಾಲದಲ್ಲಿ. ಶರೀರಕ್ಕೆ ಅನಿಷ್ಟವಾದುದನ್ನೂ ಸತ್ಪುರುಷರು ಸೇವಿಸತಕ್ಕದ್ದಲ್ಲದುದನ್ನೂ ಬಿಡಬೇಕೆಂಬ ಸಾಮಾನ್ಯ ವಿಧಿ ಅದಕ್ಕೂ ಮೊದಲಿನದು, ಹೊಸ ವಸ್ತುಗಳಿಗೆಲ್ಲ ಸಲ್ಲುವುದು.

ತೀರ್ಪು

ಬೆಲ್ಜಿಯಂ 2025ರ ಜನವರಿ 1ರಿಂದಲೂ ಬ್ರಿಟನ್ 2025ರ ಜೂನ್ 1ರಿಂದಲೂ ಎಸೆಯುವ ವೇಪ್‌ನ ಮಾರಾಟವನ್ನು ನಿಲ್ಲಿಸಿದವು. ಕೂಡಲೇ ಅದೇ ಹೆಸರು, ಅದೇ ಬಣ್ಣ, ಹೆಚ್ಚು ಕಡಿಮೆ ಅದೇ ಬೆಲೆಯಲ್ಲಿ ಚಾರ್ಜು ಮಾಡಬಲ್ಲ ಸಾಧನಗಳು ಬ್ರಿಟನ್ನಿನ ಅಂಗಡಿಗಳಿಗೆ ಬಂದವು. ಚಾರ್ಜಿನ ರಂಧ್ರವಿದೆ, ಚಾರ್ಜು ಮಾಡುವ ಮನಸ್ಸಿಲ್ಲದವನು ಅದನ್ನೂ ಎಸೆಯಬಲ್ಲ. ಕಾಯಿದೆಯು ವಸ್ತುವಿನ ಆಕಾರವನ್ನು ಬದಲಿಸಬಲ್ಲುದು. ಬಳಸುವವನ ಅಭ್ಯಾಸವನ್ನು ಬದಲಿಸುವುದು ವ್ರತದ ಕೆಲಸ.

ಸ್ಯಾದ್ವಾದವೆಂದರೆ ತೀರ್ಪನ್ನು ತಪ್ಪಿಸಿಕೊಳ್ಳುವ ಜಾಣತನವಲ್ಲ. ಯಾವ ಅಪೇಕ್ಷೆಯಿಂದ ಯಾವುದು ಸರಿಯೆಂದು ನಿಖರವಾಗಿ ಹೇಳುವ ಕ್ರಮ. ಹಾಗೆ ಹೇಳುವುದಾದರೆ: ಈವರೆಗೆ ಸೇದದವನಿಗೆ ಯಾವ ವೇಪ್‌ನಿಂದಲೂ ಲಾಭವಿಲ್ಲ, ಹೊಸ ಬಂಧ ಮಾತ್ರ. ಸಿಗರೇಟಿಗೆ ಕಟ್ಟುಬಿದ್ದವನಿಗೆ, ಕಾನೂನು ಒಪ್ಪುವ ದೇಶದಲ್ಲಿ, ವೈದ್ಯರ ಸಲಹೆಯಿಂದ, ಬಿಡುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು, ತುಂಬಿಸಿ ಬಳಸುವ ಸಾಧನವು ಇಳಿಯುವ ಮೆಟ್ಟಿಲಾಗಬಹುದು. ಭಾರತದಲ್ಲಿ ಅದಕ್ಕೆ ಅವಕಾಶವಿಲ್ಲ. ಆದರೆ ನಿಕೋಟಿನ್ ಗಮ್ ಔಷಧದ ಅಂಗಡಿಯಲ್ಲಿ ದೊರೆಯುತ್ತದೆ, ತಂಬಾಕು ಬಿಡಲು ನೆರವಾಗುವ 1800-11-2356 ಎಂಬ ಉಚಿತ ದೂರವಾಣಿಯಿದೆ. ಎಸೆಯುವ ವೇಪ್ ಮಾತ್ರ ಯಾವ ಅಪೇಕ್ಷೆಯಿಂದ ನೋಡಿದರೂ, ಯಾರ ನಿತ್ಯೋಪಯೋಗಕ್ಕೂ ಯೋಗ್ಯವಲ್ಲ.

ಬೇಡವಾದುದನ್ನು ಬಿಡುವುದು ವ್ರತವಲ್ಲ, ಬಳಸಲು ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದೇ ವ್ರತ ಎಂದು ಸಮಂತಭದ್ರರ ಅಭಿಪ್ರಾಯ. ಆ ಎತ್ತರಕ್ಕೆ ಹೋಲಿಸಿದರೆ ವೇಪನ್ನು ಬಿಡುವುದು ತೀರ ಸಣ್ಣ ಸಂಗತಿ, ಮೊದಲ ಪಾಠ. ಆದರೂ ಮಗನೋ ಅಳಿಯನೋ ಪರದೇಶದಿಂದ ಬಂದಾಗ ಅವನ ಜೇಬಿನಲ್ಲಿ ಇದು ಕಂಡರೆ ಗದರುವುದಕ್ಕಿಂತ ಒಂದು ಪ್ರಶ್ನೆ ಕೇಳುವುದು ಲೇಸು: ಇದನ್ನು ಬಿಡುವ ದಿನ ಯಾವುದು? ದಿನವನ್ನು ಹೇಳಬಲ್ಲವನು ನಿಯಮದ ಹೊಸ್ತಿಲಲ್ಲಿದ್ದಾನೆ, ಅವನ ಕೈಹಿಡಿಯಬೇಕು. ಹೇಳಲಾರದವನಿಗೆ ತಾನು ಕಟ್ಟುಬಿದ್ದಿರುವುದು ಆ ಕ್ಷಣದಲ್ಲಾದರೂ ತಿಳಿದೀತು.